ಬೋಧಕ ಶಸ್ತ್ರಚಿಕಿತ್ಸಕರ ಕೈಯಲ್ಲಿ ನನ್ನ ಕರುಳು: ಒಂದು ಸೇವೆಯ ವಿಮರ್ಶೆ

ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರ ಕರುಳಿನ ಶಸ್ತ್ರಚಿಕಿತ್ಸಾ ವಿಭಾಗದ ಸೇವೆಯನ್ನು ನಾನು ಒಂದು ವರ್ಷದಿಂದ ಪಡೆಯುತ್ತಿದ್ದೇನೆ. ಈ ಅವಧಿಯಲ್ಲಿ ಎರಡು ಆಪರೇಷನ್, ಮೂರು ತಿಂಗಳ ಸ್ಟೋಮಾ ಚೀಲ (ಹೊಟ್ಟೆಯ ಮೇಲೆ ತಂದ ಕರುಳಿನ ತುದಿಗೆ ಅಂಟಿಸುವ ಮಲದ ಚೀಲ), ಲೆಕ್ಕವಿಡದಷ್ಟು ರಕ್ತಪರೀಕ್ಷೆ ಮತ್ತು ಒಂದು ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮುಗಿದಿವೆ. ವಿಭಾಗದ ಮುಖ್ಯಸ್ಥರು ಪ್ರಾಧ್ಯಾಪಕರು. ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿ, ಆಮೇಲೆ ಕರುಳಿನ ಉರಿಯೂತ ಮತ್ತು ಕ್ಯಾನ್ಸರ್‌ಗಳನ್ನೇ ತಮ್ಮ ಕ್ಷೇತ್ರವಾಗಿ ಆರಿಸಿಕೊಂಡವರು. ವಾರದ ಕೆಲವು ದಿನ ಆಪರೇಷನ್ ಮಾಡಿ, ಉಳಿದ ದಿನಗಳಲ್ಲಿ ಪಾಠ ಹೇಳಿ, ಪ್ರಬಂಧ ಬರೆದು, ಪರೀಕ್ಷೆ ನಡೆಸುವವರು. ಇಂಥವರ ಬಳಿ ಹೋಗುವುದೋ, ದಿನವಿಡೀ ಆಪರೇಷನ್ ಮಾತ್ರ ಮಾಡುವವರ ಬಳಿ ಹೋಗುವುದೋ ಎಂಬ ಪ್ರಶ್ನೆ ನನಗೂ ಇತ್ತು, ನನ್ನಂಥ ಅನೇಕರಿಗೂ ಇದೆ. ಆಸ್ಪತ್ರೆಯ ಹೆಸರಾಗಲಿ ವೈದ್ಯರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ನನ್ನ ಮೆಚ್ಚುಗೆಯೂ ತಕರಾರೂ ಈ ಬಗೆಯ ವೃತ್ತಿಜೀವನ ರೋಗಿಗೆ ಏನು ಕೊಡುತ್ತದೆ, ಏನು ಕೇಳುತ್ತದೆ ಎಂಬುದಕ್ಕೆ ಸಂಬಂಧಿಸಿದವು.

ನನಗಿರುವುದು ಕ್ರೋನ್ಸ್ ಕಾಯಿಲೆ. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಕಡೆ, ಬಲಗಡೆಯ ಕೆಳಹೊಟ್ಟೆಯಲ್ಲಿ, ಕರುಳಿನ ಗೋಡೆ ವರ್ಷಗಟ್ಟಲೆ ಊದಿ, ಮಾಯ್ದು, ಮತ್ತೆ ಊದಿ, ಕಡೆಗೆ ಗಾಯದ ಕಲೆಯಂತೆ ಗಟ್ಟಿಯಾಗಿ ದಾರಿಯೇ ಕಿರಿದಾಗಿತ್ತು. ಊತದಿಂದ ಆದ ಬಿಗಿತ ಔಷಧಕ್ಕೆ ಸಡಿಲುತ್ತದೆ, ಕಲೆಗಟ್ಟಿದ ಬಿಗಿತ ಸಡಿಲುವುದಿಲ್ಲ. ಅದಕ್ಕೇ ನನ್ನನ್ನು ಔಷಧ ವಿಭಾಗದವರು ಶಸ್ತ್ರಚಿಕಿತ್ಸಕರ ಕಡೆಗೆ ಕಳಿಸಿದರು. ಈ ಕಾಯಿಲೆಯ ಹೆಸರಿನಲ್ಲೇ ಒಂದು ಸಣ್ಣ ಕಥೆಯಿದೆ. 1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಜ್‌ಬರ್ಗ್ ಮತ್ತು ಆಪನ್‌ಹೈಮರ್ 14 ರೋಗಿಗಳ ವಿವರಗಳೊಂದಿಗೆ ಇದನ್ನು ಪ್ರಕಟಿಸಿದಾಗ ಹೆಸರುಗಳು ಅಕ್ಷರಕ್ರಮದಲ್ಲಿ ಅಚ್ಚಾದವು, ಮೊದಲನೆಯ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಆ ರೋಗಿಗಳಿಗೆ ಆಪರೇಷನ್ ಮಾಡಿದ ಎ. ಎ. ಬರ್ಗ್ ಅವರು ಲೇಖಕರ ಪಟ್ಟಿಯಲ್ಲಿ ಇಲ್ಲ. ಇದ್ದಿದ್ದರೆ ಅದೇ ಅಕ್ಷರಕ್ರಮದ ಪ್ರಕಾರ ನಾನಿಂದು ಬರ್ಗ್ ಕಾಯಿಲೆಯ ರೋಗಿಯಾಗಿರುತ್ತಿದ್ದೆ. ಬರೆಯುವ ಶಸ್ತ್ರಚಿಕಿತ್ಸಕರಿಗೂ ಬರೆಯದವರಿಗೂ ಇರುವ ವ್ಯತ್ಯಾಸ ಹೆಸರಿನದಷ್ಟೇ ಎಂದು ಆಗ ನಾನು ತಮಾಷೆಗೆ ಅಂದುಕೊಂಡಿದ್ದೆ. ಅದು ತಪ್ಪೆಂದು ಮೊದಲ ಭೇಟಿಯಲ್ಲೇ ತಿಳಿಯಿತು.

ಆ ಭೇಟಿಯಲ್ಲಿ ನಾನು ನಿರೀಕ್ಷಿಸಿದ್ದು ಆಪರೇಷನ್‌ನ ತಾರೀಖು; ಸಿಕ್ಕಿದ್ದು ಎಂಟು ವಾರಗಳ ಕಾಯುವಿಕೆ. ನಾನು ತಿಂಗಳುಗಟ್ಟಲೆಯಿಂದ ಸ್ಟಿರಾಯ್ಡ್ ನುಂಗುತ್ತಿದ್ದೆ, ತೂಕ ಇಳಿದಿತ್ತು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿತ್ತು, ಸಿಗರೇಟನ್ನೂ ಪೂರ್ತಿ ಬಿಟ್ಟಿರಲಿಲ್ಲ. ಇವೆಲ್ಲ ಸೇರಿದಾಗ ಕತ್ತರಿಸಿ ಹೊಲಿದ ಕರುಳಿನ ತುದಿಗಳು ಕೂಡಿಕೊಳ್ಳದೆ ಸೋರುವ ಸಂಭವ ಏರುತ್ತದೆ, ಮತ್ತು ಕರುಳಿನ ಶಸ್ತ್ರಚಿಕಿತ್ಸಕರು ಎಲ್ಲಕ್ಕಿಂತ ಹೆಚ್ಚು ಅಂಜುವುದು ಈ ಸೋರಿಕೆಗೇ. ಪ್ರಾಧ್ಯಾಪಕರು ನನ್ನ ರಕ್ತಪರೀಕ್ಷೆಯ ಚೀಟಿಯನ್ನು ಮಗುಚಿ, ಅದರ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಕರುಳಿನ ಚಿತ್ರ ಬರೆದರು: ಬಲಗಡೆ ಒಂದು ಕಪ್ಪು ಗೆರೆಗಳ ಬಿಗಿತ, ಅದಕ್ಕಿಂತ ಬಹಳ ಮೇಲೆ, ಸಣ್ಣಕರುಳಿನ ನಡುವೆ, ಇನ್ನೊಂದು ಚಿಕ್ಕ ಬಿಗಿತ. ಪಕ್ಕದಲ್ಲಿ ನಾಲ್ಕು ಸಾಲು: ಸ್ಟಿರಾಯ್ಡ್ ಹಂತಹಂತವಾಗಿ ಇಳಿಸುವುದು, ಆರು ವಾರ ದ್ರವರೂಪದ ಪೂರ್ಣ ಪೋಷಣೆ, ಸಿಗರೇಟ್ ಇಂದಿನಿಂದ ಇಲ್ಲ, ದಿನವೂ ನಡಿಗೆ. ಸಿಗರೇಟಿನ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಸೇದುವವರಲ್ಲಿ ಆಪರೇಷನ್ ನಂತರ ಕಾಯಿಲೆ ಮರಳುವ ಪ್ರಮಾಣ ಸುಮಾರು ಎರಡು ಪಟ್ಟು ಎಂದರು. ಬೈಯಲಿಲ್ಲ, ಉಪದೇಶಿಸಲಿಲ್ಲ. ಆ ಚೀಟಿ ನನ್ನ ಕಡತದಲ್ಲಿ ಈಗಲೂ ಇದೆ.

ಎಷ್ಟು ಉದ್ದ ಕತ್ತರಿಸುತ್ತೀರಿ ಎಂದು ಕೇಳಿದೆ. ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆ ಪ್ರಶ್ನೆಗೆ ಬಂದ ಉತ್ತರದಿಂದ. ಕಾಯಿಲೆ ಕಾಣುವ ಜಾಗದಿಂದ ಆಚೆಗೆ ಎಷ್ಟು ಆರೋಗ್ಯವಂತ ಕರುಳನ್ನು ಸೇರಿಸಿ ತೆಗೆಯಬೇಕು ಎಂಬ ವಿಷಯದಲ್ಲಿ ಹಿಂದೆ ಶಸ್ತ್ರಚಿಕಿತ್ಸಕರಲ್ಲಿ ಒಮ್ಮತವಿರಲಿಲ್ಲ. ಹೆಚ್ಚು ತೆಗೆದರೆ ಕಾಯಿಲೆ ಮರಳುವುದು ತಪ್ಪಬಹುದು ಎಂಬ ನಂಬಿಕೆಯಲ್ಲಿ ಅನೇಕರು ಉದ್ದುದ್ದ ಕತ್ತರಿಸುತ್ತಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ವಿಕ್ಟರ್ ಫಾಜಿಯೊ ಮತ್ತು ಸಂಗಡಿಗರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 2 ಸೆಂಟಿಮೀಟರ್, ಇನ್ನೊಂದಕ್ಕೆ 12 ಸೆಂಟಿಮೀಟರ್ ಆರೋಗ್ಯವಂತ ಅಂಚನ್ನು ಸೇರಿಸಿ ಕತ್ತರಿಸಿ, ವರ್ಷಗಟ್ಟಲೆ ಹಿಂಬಾಲಿಸಿದರು. 1996ರಲ್ಲಿ ಪ್ರಕಟವಾದ ಅದರ ಫಲಿತಾಂಶ ಸರಳವಾಗಿತ್ತು: ಹೆಚ್ಚು ಕತ್ತರಿಸಿದ್ದರಿಂದ ಲಾಭವಿಲ್ಲ. ಸಣ್ಣಕರುಳಿನ ಒಟ್ಟು ಉದ್ದ ಸುಮಾರು ಆರು ಮೀಟರ್ ಇರುವಾಗ ಹತ್ತು ಸೆಂಟಿಮೀಟರ್ ಯಾವ ಲೆಕ್ಕ ಎಂದು ಆರೋಗ್ಯವಂತರಿಗೆ ಅನಿಸಬಹುದು. ಆದರೆ ಈ ಕಾಯಿಲೆಯಲ್ಲಿ ಜೀವಮಾನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೊಟ್ಟೆ ತೆರೆಯಬೇಕಾಗಿ ಬರಬಹುದು, ಪ್ರತಿ ಸಲವೂ ಕಳೆದುಕೊಂಡದ್ದು ತಿರುಗಿ ಬೆಳೆಯುವುದಿಲ್ಲ. ನನ್ನ ಹೊಟ್ಟೆಯಲ್ಲಿ ಉಳಿದ ಆ ಗೇಣುದ್ದಕ್ಕಿಂತ ಕಡಿಮೆಯ ಕರುಳು, ಯಾರೋ ಎಲ್ಲೋ ತಮ್ಮ ರೂಢಿಯನ್ನೇ ಅನುಮಾನಿಸಿ ಲೆಕ್ಕವಿಟ್ಟದ್ದರಿಂದ ಉಳಿದದ್ದು.

ಇದೇ ಪ್ರಾಮಾಣಿಕತೆ ನನ್ನ ಇನ್ನೊಂದು ಪ್ರಶ್ನೆಗೂ ಸಿಕ್ಕಿತು. ಸಣ್ಣಕರುಳಿನ ತುದಿಯ ಕ್ರೋನ್ಸ್‌ಗೆ ದುಬಾರಿ ಇಂಜೆಕ್ಷನ್‌ಗಿಂತ ಆಪರೇಷನ್ನೇ ಮೇಲು ಎಂಬ ಸುದ್ದಿಯನ್ನು ಓದಿದ್ದೆ. ಅದಕ್ಕೆ ಆಧಾರವಾದ, 2017ರಲ್ಲಿ ಪ್ರಕಟವಾದ 143 ರೋಗಿಗಳ ಅಧ್ಯಯನವನ್ನು ಪ್ರಾಧ್ಯಾಪಕರು ಬಲ್ಲರು. ಆದರೆ ಅದನ್ನು ನನಗೆ ಆಪರೇಷನ್ ಮಾರಲು ಬಳಸಲಿಲ್ಲ. ಅಲ್ಲಿ ಆಪರೇಷನ್‌ನ ನಂತರದ ಜೀವನದ ಗುಣಮಟ್ಟ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಆ ಇಂಜೆಕ್ಷನ್ನಿನ ಚಿಕಿತ್ಸೆಗೆ ಸರಿಸಮವಾಗಿತ್ತೇ ಹೊರತು ಮೇಲೆಂದು ಸಿದ್ಧವಾಗಲಿಲ್ಲ, ಅದೂ ಅಲ್ಲದೆ ಆ ರೋಗಿಗಳಿಗೆ ನನ್ನಂಥ ಕಲೆಗಟ್ಟಿದ ಬಿಗಿತ ಇರಲಿಲ್ಲ, ಆದ್ದರಿಂದ ಅದು ನಿಮ್ಮ ಪ್ರಕರಣಕ್ಕೆ ಅನ್ವಯಿಸುವುದಿಲ್ಲ ಎಂದರು. ತಮ್ಮ ವೃತ್ತಿಗೆ ಅನುಕೂಲವಾದ ಪುರಾವೆಯನ್ನು ತಾವೇ ಬದಿಗಿಟ್ಟ ವೈದ್ಯರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇನ್ನು ತಕರಾರುಗಳು. ಬೋಧಕ ಶಸ್ತ್ರಚಿಕಿತ್ಸಕರ ವಿಭಾಗಕ್ಕೆ ಹೋದ ರೋಗಿ ಒಂಟಿಯಾಗಿರುವುದಿಲ್ಲ. ನನ್ನ ಹೊಟ್ಟೆಯನ್ನು ಒಂದೇ ಬೆಳಿಗ್ಗೆ ಏಳು ವಿದ್ಯಾರ್ಥಿಗಳು ಸರದಿಯಲ್ಲಿ ಒತ್ತಿ ನೋಡಿದರು. ಮೊದಲ ಮೂವರು ಕೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಿದರು. ನಾಲ್ಕನೆಯವರ ತಣ್ಣನೆಯ ಬೆರಳಿಗೆ ನಾನು ಹೊಟ್ಟೆ ಬಿಗಿಹಿಡಿದದ್ದನ್ನು ಅವರು ಕಾಯಿಲೆಯ ಲಕ್ಷಣವೆಂದು ಬರೆದುಕೊಂಡರು. ಪ್ರಾಧ್ಯಾಪಕರು ಅದನ್ನು ಗಮನಿಸಿ ಆ ವಿದ್ಯಾರ್ಥಿಯ ಕೈಯನ್ನು ಅವರದೇ ಕೊರಳಿಗೆ ಮುಟ್ಟಿಸಿದರು. ಪಾಠ ಚೆನ್ನಾಗಿತ್ತು, ಆದರೆ ಪಾಠದ ಹಲಗೆ ನಾನಾಗಿದ್ದೆ, ನನ್ನನ್ನು ಕೇಳಿದ್ದು ಏಳನೆಯವರ ಸರದಿ ಮುಗಿದ ಮೇಲೆ.

ಇದಕ್ಕಿಂತ ಗಂಭೀರವಾದದ್ದು ಆಪರೇಷನ್ ಯಾರು ಮಾಡುತ್ತಾರೆ ಎಂಬ ಪ್ರಶ್ನೆ. ಒಪ್ಪಿಗೆ ಪತ್ರದಲ್ಲಿ ಪ್ರಾಧ್ಯಾಪಕರ ಹೆಸರು, ಅದರ ಕೆಳಗೆ 'ಮತ್ತು ತಂಡ' ಎಂಬ ಎರಡು ಪದ. ಆ ಎರಡು ಪದಗಳೊಳಗೆ ತರಬೇತಿಯ ಕೊನೆಯ ವರ್ಷದಲ್ಲಿದ್ದ ಒಬ್ಬ ಕಿರಿಯ ವೈದ್ಯರಿದ್ದರು, ಮತ್ತು ನನ್ನ ಹೊಟ್ಟೆಯನ್ನು ತೆರೆದದ್ದೂ ಮುಚ್ಚಿದ್ದೂ ಅವರೇ ಎಂಬುದು ಬಿಡುಗಡೆಯ ಸಾರಾಂಶವನ್ನು ಓದುವಾಗ ನನಗೆ ಗೊತ್ತಾಯಿತು. ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ಹೊಣೆ ಹೆಚ್ಚಿಸುತ್ತಾ ಕಲಿಸುವ ಪದ್ಧತಿ ಹೊಸದಲ್ಲ. 1889ರಲ್ಲಿ ಬಾಗಿಲು ತೆರೆದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ಕ್ರಮವೇ ಇಂದಿಗೂ ಶಸ್ತ್ರಚಿಕಿತ್ಸೆಯ ಶಿಕ್ಷಣದ ಬೆನ್ನೆಲುಬು. ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದರೂ, ಐದಾರು ವರ್ಷಗಳ ವೈದ್ಯಕೀಯ ಓದು, ಅಷ್ಟೇ ಹೆಚ್ಚುಕಡಿಮೆ ಕಾಲದ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿ, ಅದರ ಮೇಲೆ ಕರುಳಿನದೇ ಒಂದೆರಡು ವರ್ಷ, ಪ್ರಾಧ್ಯಾಪಕರಾಗಬೇಕೆಂದರೆ ನಡುವೆ ಸಂಶೋಧನೆಗೆ ಇನ್ನಷ್ಟು ವರ್ಷ: ಇಷ್ಟು ದಾಟಿ ಬಂದವರೂ ಒಂದು ದಿನ ಯಾರದೋ ಹೊಟ್ಟೆಯ ಮೇಲೆ ಮೊದಲ ಗೆರೆ ಎಳೆದವರೇ. ಕಿರಿಯರು ಕಲಿಯಬಾರದೆಂದು ನಾನು ಹೇಳುತ್ತಿಲ್ಲ, ನನ್ನ ಗಾಯದ ಗೆರೆ ನೋಡಿದರೆ ಅವರು ಚೆನ್ನಾಗಿಯೇ ಕಲಿತಿದ್ದಾರೆ. ಆಪರೇಷನ್‌ನ ಹಿಂದಿನ ದಿನ ಅವರನ್ನು ನನ್ನ ಮಂಚದ ಬಳಿಗೆ ಕರೆತಂದು, ಇವರು ಇಷ್ಟು ಭಾಗ ಮಾಡುತ್ತಾರೆ, ನಾನು ಎದುರಿಗೇ ನಿಂತಿರುತ್ತೇನೆ ಎಂದು ಹೇಳಿದ್ದರೆ ನಾನು ಒಪ್ಪುತ್ತಿದ್ದೆ. ಹೇಳಲಿಲ್ಲ.

ಸಂಶೋಧನೆಯ ವಿಷಯದಲ್ಲೂ ಇಂಥದೇ ಒಂದು ಎಡವಟ್ಟಾಯಿತು. ಕರುಳನ್ನು ಹಿಡಿದಿಡುವ ಪದರವನ್ನು, ಅಂದರೆ ಮೆಸೆಂಟರಿಯನ್ನು, ಎಷ್ಟು ತೆಗೆದರೆ ಕಾಯಿಲೆ ಮರಳುವುದು ಕಡಿಮೆಯಾಗುತ್ತದೆ ಎಂಬ ಅಧ್ಯಯನವೊಂದಕ್ಕೆ ಸೇರುತ್ತೀರಾ ಎಂದು ಕೇಳಲು ಸಂಶೋಧನಾ ಸಹಾಯಕರು ಬಂದದ್ದು ಆಪರೇಷನ್‌ನ ಹಿಂದಿನ ಸಂಜೆ ಏಳೂವರೆಗೆ, ಹದಿನಾಲ್ಕು ಪುಟಗಳ ಮಾಹಿತಿಪತ್ರದೊಂದಿಗೆ. ಎಂಟು ವಾರ ಸಮಯವಿತ್ತು. ಉಳಿದಿದ್ದದ್ದು ಒಂದು ರಾತ್ರಿ. ನಾನು ಬೇಡವೆಂದೆ. ಫಾಜಿಯೊ ಅವರ ಅಧ್ಯಯನಕ್ಕೆ ಒಪ್ಪಿದ ರೋಗಿಗಳಿಂದ ನಾನು ಲಾಭ ಪಡೆದಿದ್ದೇನೆ, ನನ್ನ ಸರದಿ ಬಂದಾಗ ಹಿಂದೆ ಸರಿದೆ ಎಂಬ ಕಸಿವಿಸಿ ಇನ್ನೂ ಹೋಗಿಲ್ಲ. ಮೊದಲೇ ಕೇಳಿದ್ದರೆ ಓದಿ, ಯೋಚಿಸಿ, ಬಹುಶಃ ಹೂಂ ಅನ್ನುತ್ತಿದ್ದೆ. ನಿರಾಕರಿಸಿದ್ದರಿಂದ ಆರೈಕೆಯಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಾಗಲಿಲ್ಲ ಎಂಬುದನ್ನು ಮಾತ್ರ ದಾಖಲಿಸಬೇಕು.

ಸ್ಟೋಮಾ ನರ್ಸ್ ಅವರ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕರುಳನ್ನು ಅಂದೇ ಜೋಡಿಸಲಾಗದಿದ್ದರೆ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಬೇಕಾಗಬಹುದು ಎಂದು ಮೊದಲೇ ಹೇಳಿದ್ದರು. ಆ ಜಾಗವನ್ನು ಗುರುತಿಸಲು ಈ ಸಿಸ್ಟರ್ ನನ್ನನ್ನು ಮಲಗಿಸಿದರು, ಕೂರಿಸಿದರು, ನಿಲ್ಲಿಸಿದರು, ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಹೇಳಿದರು, ದಿನವೂ ಹಾಕುವ ಪ್ಯಾಂಟನ್ನೇ ಹಾಕಿಸಿ ಬೆಲ್ಟ್ ಎಲ್ಲಿ ಕೂರುತ್ತದೆಂದು ನೋಡಿದರು. ಮಡಿಕೆ ಬೀಳದ, ನನ್ನ ಕಣ್ಣಿಗೆ ಕಾಣುವ, ಕೈಗೆ ಎಟಕುವ ಒಂದು ಬಿಂದುವನ್ನು ಮಾರ್ಕರಿನಿಂದ ಗುರುತಿಸಿ ಅದರ ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿದರು. ಮರುದಿನ ಒಳಗೆ ಸ್ಕ್ಯಾನಿನಲ್ಲಿ ಕಾಣದ ಸಣ್ಣ ಕೀವಿನ ಗಂಟು ಸಿಕ್ಕಿತು, ಜೋಡಣೆಯನ್ನು ಮುಂದೂಡಲಾಯಿತು, ಎಚ್ಚರವಾದಾಗ ಚೀಲ ಆ ಬಿಂದುವಿನ ಮೇಲೆಯೇ ಇತ್ತು. ಮೂರು ತಿಂಗಳಲ್ಲಿ ಅದು ಸೋರಿದ್ದು ಎರಡೇ ಸಲ. ಸ್ಟೋಮಾ ಆರೈಕೆ ಒಂದು ವೃತ್ತಿಯಾದ ಬಗೆಯೂ ಶಸ್ತ್ರಚಿಕಿತ್ಸಕರ ಇತಿಹಾಸದ್ದೇ ಭಾಗ. ಸಣ್ಣಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಹೊರಮಗುಚಿ ಹೊಲಿಯುವ ವಿಧಾನವನ್ನು ಬ್ರಯನ್ ಬ್ರೂಕ್ 1952ರಲ್ಲಿ ವಿವರಿಸಿದರು. ಅದಕ್ಕೆ ಮೊದಲು ಕರುಳಿನ ರಸ ತಗುಲಿ ತುದಿಯೇ ಉರಿದು ಬಿಗಿದುಕೊಳ್ಳುತ್ತಿತ್ತು. ಕ್ಲೀವ್‌ಲ್ಯಾಂಡ್‌ನ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ, ಸ್ವತಃ ಚೀಲ ಹಾಕಿಕೊಂಡಿದ್ದ ತಮ್ಮ ಹಳೆಯ ರೋಗಿ ನಾರ್ಮಾ ಗಿಲ್ ಅವರನ್ನೇ ಇತರ ರೋಗಿಗಳಿಗೆ ಕಲಿಸುವ ಕೆಲಸಕ್ಕೆ ಕರೆದರು.

ಆಪರೇಷನ್ ನಂತರದ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ಹೋಗುವವರೆಗೆ ಬಾಯಿಗೆ ಏನೂ ಇಲ್ಲ, ಮೂಗಿನಲ್ಲಿ ಕೊಳವೆ, ವಾರವಿಡೀ ಮಂಚ ಎಂದು ಹಿರಿಯರು ಹೆದರಿಸಿದ್ದು ಯಾವುದೂ ನಡೆಯಲಿಲ್ಲ. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕುಡಿದೆ, ಅಂದೇ ಸಂಜೆ ಕುರ್ಚಿಯಲ್ಲಿ ಕೂತೆ, ಮರುದಿನ ಕಾರಿಡಾರಿನ ಕೊನೆಯವರೆಗೆ ನಡೆದೆ. ಈ ಕ್ರಮಕ್ಕೆ ಬುನಾದಿ ಹಾಕಿದವರು 1990ರ ದಶಕದಲ್ಲಿ ಡೆನ್ಮಾರ್ಕ್‌ನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್. ಇದೂ ರೂಢಿಯನ್ನು ಪ್ರಶ್ನಿಸಿದ್ದರ ಫಲವೇ.

ಐದನೆಯ ದಿನ ಗಾಯದ ಒಂದು ಮೂಲೆ ಕೆಂಪಾಗಿ ಕೀವು ತುಂಬಿತು. ಮಂಚದಲ್ಲೇ ಎರಡು ಹೊಲಿಗೆ ಬಿಚ್ಚಿ ತೊಳೆದರು, ಆ್ಯಂಟಿಬಯಾಟಿಕ್ ಕೂಡ ಬೇಕಾಗಲಿಲ್ಲ. ನನ್ನ ಮಟ್ಟಿಗೆ ಅದು ಅಲ್ಲಿಗೆ ಮುಗಿದ ಸಂಗತಿ. ಪ್ರಾಧ್ಯಾಪಕರು ಮಾತ್ರ ರೌಂಡ್ಸ್‌ಗೆ ಬಂದಾಗ, ಇದು ನಮ್ಮ ಲೆಕ್ಕದಲ್ಲಿ ಮೊದಲ ದರ್ಜೆಯ ತೊಡಕು, ತಿಂಗಳ ಸಭೆಯಲ್ಲಿ ಇದರ ಚರ್ಚೆಯಾಗುತ್ತದೆ ಎಂದರು. ಶಸ್ತ್ರಚಿಕಿತ್ಸೆಯ ತೊಡಕುಗಳನ್ನು, ಅವುಗಳನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂಬುದರ ಮೇಲೆ ದರ್ಜೆಗಳಾಗಿ ವಿಂಗಡಿಸುವ ಕ್ಲಾವಿಯನ್ ಮತ್ತು ಡಿಂಡೋ ಅವರ ಕ್ರಮ 2004ರದು. ಮಂಚದಲ್ಲೇ ಬಿಚ್ಚಿ ತೊಳೆದ ಗಾಯ ಅದರಲ್ಲಿ ಒಂದನೆಯದು, ಸಾವು ಐದನೆಯದು. ತನ್ನ ತೊಡಕುಗಳನ್ನು ಬರೆದಿಡುವ ಶಸ್ತ್ರಚಿಕಿತ್ಸಕ ಯಾವಾಗಲೂ ಜನಪ್ರಿಯನಾಗಿರಲಿಲ್ಲ. ಪ್ರತಿ ರೋಗಿಯ ಅಂತಿಮ ಫಲಿತಾಂಶವನ್ನೂ ಹಿಂಬಾಲಿಸಿ ಬಹಿರಂಗಪಡಿಸಬೇಕೆಂದು ಹಟ ಹಿಡಿದ ಬಾಸ್ಟನ್‌ನ ಅರ್ನೆಸ್ಟ್ ಕಾಡ್‌ಮನ್ 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆಯನ್ನೇ ಬಿಟ್ಟರು. ನನ್ನ ಗಾಯದ ಎರಡು ಹೊಲಿಗೆ ಯಾವುದೋ ರಿಜಿಸ್ಟರಿನಲ್ಲಿ ಒಂದು ಸಾಲಾಗಿದೆ ಎಂಬುದು ನನಗೆ ವಿಚಿತ್ರವಾದ ಸಮಾಧಾನ ಕೊಟ್ಟಿತು. ಲೆಕ್ಕವಿಡದ ಕಡೆ ಗಾಯ ಕೀವಾಗುವುದಿಲ್ಲ ಎಂದೇನೂ ಅಲ್ಲವಲ್ಲ.

ಮೂರು ತಿಂಗಳ ನಂತರ, ತೂಕ ಮರಳಿ ಸ್ಟಿರಾಯ್ಡ್ ಪೂರ್ತಿ ನಿಂತ ಮೇಲೆ, ಎರಡನೆಯ ಆಪರೇಷನ್. ಕರುಳನ್ನು ಜೋಡಿಸುವುದರ ಜೊತೆಗೆ, ಮೇಲೆ ಉಳಿದಿದ್ದ ಆ ಚಿಕ್ಕ ಬಿಗಿತವನ್ನು ಕತ್ತರಿಸದೆ ಅಗಲ ಮಾಡುವ ಯೋಜನೆಯಿತ್ತು. ಅದು ಹೇಗೆ ಸಾಧ್ಯ ಎಂದು ಕೇಳಿದ್ದಕ್ಕೆ ಪ್ರಾಧ್ಯಾಪಕರು ಒಂದು ಗ್ಲೌಸ್ ತೆಗೆದು, ಅದರ ತೋರುಬೆರಳನ್ನು ಕತ್ತರಿಯಿಂದ ಉದ್ದಕ್ಕೆ ಒಂದಿಂಚು ಸೀಳಿದರು. ಸೀಳಿನ ಎರಡೂ ಕೊನೆಗಳನ್ನು ಒಂದಕ್ಕೊಂದು ತಂದು ಸೇರಿಸಿದಾಗ ಉದ್ದನೆಯ ಸೀಳು ಅಡ್ಡಗೆರೆಯಾಯಿತು, ಬೆರಳು ಅಲ್ಲಿ ಗಿಡ್ಡವಾಗಿ ಅಗಲವಾಯಿತು. ಉದ್ದಕ್ಕೆ ಸೀಳು, ಅಡ್ಡಕ್ಕೆ ಹೊಲಿಗೆ, ಒಂದಿಷ್ಟೂ ಕರುಳು ನಷ್ಟವಿಲ್ಲ. ಸಣ್ಣಕರುಳಿನ ಬಿಗಿತಕ್ಕೆ ಈ ಉಪಾಯವನ್ನು 1977ರಲ್ಲಿ ಪ್ರಕಟಿಸಿದವರು ಭಾರತದ ಕಟಾರಿಯಾ ಮತ್ತು ಸಂಗಡಿಗರು, ಅದೂ ಕ್ಷಯದಿಂದಾದ ಬಿಗಿತಗಳಿಗೆ. ಆಕ್ಸ್‌ಫರ್ಡ್‌ನ ಇಮ್ಯಾನುಯಲ್ ಲೀ ಅದನ್ನು ಕ್ರೋನ್ಸ್‌ಗೆ ಅನ್ವಯಿಸಿ 1982ರಲ್ಲಿ ಬರೆದರು. ಗ್ಲೌಸಿನ ಆ ಬೆರಳನ್ನು ವಿದ್ಯಾರ್ಥಿಗಳೂ ಕತ್ತು ಚಾಚಿ ನೋಡುತ್ತಿದ್ದರು. ಈ ಸಲ ಪಾಠದ ಹಲಗೆ ನಾನಾಗಿರಲಿಲ್ಲ, ಅವರ ಜೊತೆಗೆ ನಾನೂ ಪಾಠ ಕೇಳುತ್ತಿದ್ದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು, ಯಾರು ಯಾವ ಭಾಗ ಮಾಡುತ್ತಾರೆ ಎಂದು ಬಾಯಿಬಿಟ್ಟು ಕೇಳಿದೆ, ತಡವರಿಸದೆ ಹೇಳಿದರು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ಇಂಥ ಕಡೆ ಹೋಗುವವರು ಇದನ್ನು ತಿಳಿದು ಹೋಗುವುದು ಒಳ್ಳೆಯದು.

ಕಾಯುವಿಕೆಯ ಬಗ್ಗೆ ಎರಡು ಮಾತು. ಓಪಿಡಿಯಲ್ಲಿ ಸರಾಸರಿ ಮೂರು ಗಂಟೆ ಕೂತಿದ್ದೇನೆ, ಎರಡು ಸಲ ಪ್ರಾಧ್ಯಾಪಕರು ಪರೀಕ್ಷೆ ನಡೆಸಲು ಹೋಗಿದ್ದಾರೆಂದು ವಾಪಸು ಬಂದಿದ್ದೇನೆ. ವಿಭಾಗದ ಕಚೇರಿಯ ಫೋನು ಬಹುತೇಕ ಯಾರೂ ಎತ್ತುವುದಿಲ್ಲ. ಸ್ಟೋಮಾ ಸಿಸ್ಟರ್ ಅವರ ಫೋನು ಮಾತ್ರ ಪ್ರತಿ ಸಲವೂ ಎರಡನೆಯ ರಿಂಗಿಗೇ ಎತ್ತಲ್ಪಟ್ಟಿದೆ.

ಜೋಡಣೆಯಾಗಿ ಆರು ತಿಂಗಳಿಗೆ ಕೊಲೊನೋಸ್ಕೋಪಿ ಮಾಡಿದರು. ಈ ಕಾಯಿಲೆ ಮರಳುವುದು ಸಾಮಾನ್ಯವಾಗಿ ಜೋಡಣೆಯ ಆಸುಪಾಸಿನಲ್ಲೇ, ಅದೂ ರೋಗಿಗೆ ಏನೂ ಗೊತ್ತಾಗುವ ಮುಂಚೆ. ಅದನ್ನು ಕಣ್ಣಿನಿಂದ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನು ಬೆಲ್ಜಿಯಂನ ರುಟ್‌ಗೇರ್ಟ್ಸ್ ಅವರ ತಂಡ ರೂಪಿಸಿದೆ. ನನ್ನದು ಒಂದು: ನಾಲ್ಕೈದು ಸಣ್ಣ ಹುಣ್ಣು, ಸದ್ಯಕ್ಕೆ ಔಷಧ ಬದಲಿಸಬೇಕಾಗಿಲ್ಲ. ಅಂದೂ ಪ್ರಾಧ್ಯಾಪಕರು ಇರಲಿಲ್ಲ, ಸಮ್ಮೇಳನಕ್ಕೆ ಹೋಗಿದ್ದರು. ವರದಿ ಓದಿ ಹೇಳಿದ್ದು ಈಗ ತರಬೇತಿ ಮುಗಿಸಿ ಅದೇ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿರುವ, ನನ್ನ ಹೊಟ್ಟೆ ಮುಚ್ಚಿದ ಅದೇ ಕಿರಿಯ ವೈದ್ಯರು. ಕಡತದಿಂದ ಹಳೆಯ ಚೀಟಿಯನ್ನು ಹೊರತೆಗೆದು, ಚಿತ್ರದಲ್ಲಿ ಬಲಗಡೆಯ ಬಿಗಿತದ ಮೇಲೆ ಕಾಟು ಹಾಕಿ, ಜೋಡಣೆಯ ಜಾಗದಲ್ಲಿ '1' ಎಂದು ಬರೆದು ತಾರೀಖು ಹಾಕಿದರು. ಪಕ್ಕದಲ್ಲಿ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳ ಕಡೆ ತಿರುಗುವ ಮೊದಲು ನನ್ನನ್ನು ಕೇಳಿದರು: "ಇವರೂ ಒಮ್ಮೆ ಹೊಟ್ಟೆ ನೋಡಬಹುದೇ, ಸರ್?"